ಲಂಜಿಂಗ್: ಕುದುರೆಯ ಸುತ್ತು ದೊಡ್ಡದಿರಲಿ

ಉದ್ದ ಹಗ್ಗದ ಒಂದು ತುದಿ ಕುದುರೆಯ ಮೂಗುಪಟ್ಟಿಗೆ, ಇನ್ನೊಂದು ತುದಿ ನಡುವೆ ನಿಂತವರ ಕೈಗೆ. ಕುದುರೆ ಅವರ ಸುತ್ತ ನಡೆಯುತ್ತದೆ, ಓಡುತ್ತದೆ. ಇದೇ ಲಂಜಿಂಗ್. ಇದನ್ನು ಕುದುರೆಯ ಸೊಕ್ಕು ಇಳಿಸುವ ಉಪಾಯ ಅಂದುಕೊಂಡವರು ಜಾಸ್ತಿ, ತೊಂದರೆ ಶುರುವಾಗುವುದೇ ಅಲ್ಲಿ. ದಿನಾ ಸುಸ್ತಾಗುವವರೆಗೆ ಓಡಿಸಿದರೆ ಕುದುರೆಯ ದಮ್ಮು ಬೆಳೆಯುತ್ತದೆ, ಆಮೇಲೆ ಅದು ಸುಸ್ತಾಗಲು ಇನ್ನೂ ಹೆಚ್ಚು ಓಡಿಸಬೇಕಾಗುತ್ತದೆ, ಆದರೆ ಕಾಲಿನ ಕೀಲು, ಸ್ನಾಯುರಜ್ಜುಗಳು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ.

ಸುತ್ತಿನಲ್ಲಿ ಓಡುವಾಗ ಕುದುರೆಯ ಮೈ ಒಳಗಡೆ ವಾಲುತ್ತದೆ. ತಿರುಗಲು ಬೇಕಾದ ಬಲ ಗೊರಸು ನೆಲವನ್ನು ಒತ್ತುವುದರಿಂದ ಸಿಗಬೇಕು, ಹಾಗಾಗಿ ಎಡ, ಬಲ ಕಾಲುಗಳ ಮೇಲಿನ ಭಾರ ಸಮನಾಗಿರುವುದಿಲ್ಲ. ಸೆಕೆಂಡಿಗೆ 4 ಮೀಟರ್ ವೇಗದ ಕುಕ್ಕುಲೋಟ ಅಂತಿಟ್ಟುಕೊಳ್ಳಿ. 20 ಮೀಟರ್ ಅಗಲದ ಸುತ್ತಿನಲ್ಲಿ ಲೆಕ್ಕದ ಪ್ರಕಾರ ಸುಮಾರು 9 ಡಿಗ್ರಿ ವಾಲಬೇಕು. ಸುತ್ತು 10 ಮೀಟರಿಗೆ ಇಳಿದರೆ ಅದೇ 18 ಡಿಗ್ರಿ! ವೇಗ ಎರಡು ಪಟ್ಟಾದರಂತೂ ಬೇಕಾದ ಬಲ ನಾಲ್ಕು ಪಟ್ಟು. ಅದಕ್ಕೇ ಚಿಕ್ಕ ಸುತ್ತಿನಲ್ಲಿ ಜೋರಾಗಿ ಓಡಿಸಬೇಡಿ, ಜಾರುವ ನೆಲದಲ್ಲಿ ಬೇಡವೇ ಬೇಡ. ಹಗ್ಗ ಗಿಡ್ಡವಾಗಿದ್ದರೆ ನೀವೂ ನಡುವೆ ಒಂದು ಪುಟ್ಟ ಸುತ್ತು ನಡೆಯುತ್ತಿರಿ, ಕುದುರೆಗೆ ಜಾಗ ಸಿಗುತ್ತದೆ.

ಇನ್ನೊಂದು ವಿಷಯ. ಕುದುರೆಗೆ ಕಾಲರ್ ಬೋನ್ ಇಲ್ಲ. ಮುಂಗಾಲುಗಳು ಎದೆಗೂಡಿಗೆ ಸೇರಿಕೊಂಡಿರುವುದು ಮಾಂಸಖಂಡಗಳಿಂದ, ಎಲುಬಿನ ಕೀಲಿನಿಂದಲ್ಲ. ಆ ಮಾಂಸಖಂಡ ಬಿಸಿಯಾಗಲು ಮೊದಲ ಐದು ನಿಮಿಷವಾದರೂ ಬರೀ ನಡಿಗೆ ಇರಲಿ. ಒಟ್ಟು 15ರಿಂದ 20 ನಿಮಿಷ ಸಾಕು, ನಡುನಡುವೆ ದಿಕ್ಕು ಬದಲಿಸುತ್ತಾ ಇರಿ.

ನಿಲ್ಲುವ ಜಾಗ ಬಹಳ ಮುಖ್ಯ. ಕುದುರೆಯ ಕಣ್ಣು ತಲೆಯ ಪಕ್ಕಗಳಲ್ಲಿವೆ, ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ, ಆದರೆ ಬಾಲದ ನೇರ ಹಿಂದೆ ಕಾಣುವುದಿಲ್ಲ. ಅಲ್ಲಿಂದ ಏನಾದರೂ ದಿಢೀರ್ ಬಂದರೆ ಅದು ಒದೆಯುತ್ತದೆ, ಇಲ್ಲ ಓಡುತ್ತದೆ. ನೀವು ಹೊಟ್ಟೆಯ ನೇರಕ್ಕೆ, ದೂರದಲ್ಲಿ ನಿಲ್ಲಿ. ಅಲ್ಲಿಂದ ಸ್ವಲ್ಪ ಹಿಂದೆ ಸರಿದು ತೊಡೆಯ ನೇರಕ್ಕೆ ಬಂದರೆ ಕುದುರೆ ಮುಂದಕ್ಕೆ ಹೋಗುತ್ತದೆ, ಭುಜದ ಮುಂದಕ್ಕೆ ಬಂದರೆ ನಿಧಾನವಾಗುತ್ತದೆ. ಚಾವಟಿ ಹೊಡೆಯುವುದಕ್ಕಲ್ಲ, ನಿಮ್ಮ ತೋಳು ಉದ್ದವಾದಂತೆ ಅದು. ಕುದುರೆ ಹೇಳಿದ್ದನ್ನು ಮಾಡಿದ ಕ್ಷಣವೇ ಚಾವಟಿ ಇಳಿಸಿ. ಒತ್ತಡ ಯಾವಾಗ ಹೋಯಿತು ಎನ್ನುವುದರಿಂದಲೇ ಅದು ಕಲಿಯುತ್ತದೆ, ತಡವಾಗಿ ಇಳಿಸಿದರೆ ಬೇರೇನನ್ನೋ ಕಲಿತುಬಿಡುತ್ತದೆ.

ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ, ದಯವಿಟ್ಟು! 500 ಕಿಲೋ ತೂಕದ ಪ್ರಾಣಿ ಬೆದರಿ ಎಳೆದರೆ ಬೆರಳು ಮುರಿಯುತ್ತದೆ, ಅಥವಾ ನಿಮ್ಮನ್ನೇ ಎಳೆದುಕೊಂಡು ಹೋಗುತ್ತದೆ. ಮಿಕ್ಕ ಹಗ್ಗವನ್ನು ಮಡಿಕೆ ಮಡಿಕೆಯಾಗಿ ಅಂಗೈಯಲ್ಲಿ ಹಿಡಿಯಿರಿ, ನೆಲಕ್ಕೆ ಬಿಟ್ಟರೆ ಕಾಲಿಗೆ ಸಿಕ್ಕುತ್ತದೆ. ಗ್ಲೌಸ್, ಹೆಲ್ಮೆಟ್, ಗಟ್ಟಿ ಬೂಟು ಇರಲಿ.

ಕುಂಟುವ ಕುದುರೆಯನ್ನು ಪರೀಕ್ಷಿಸಲು ಪಶುವೈದ್ಯರೂ ಹೀಗೆ ಸುತ್ತು ಓಡಿಸುತ್ತಾರೆ, ನೇರ ದಾರಿಯಲ್ಲಿ ಕಾಣದ ನೋವು ಸುತ್ತಿನಲ್ಲಿ ಎಷ್ಟೋ ಸಲ ಕಾಣುತ್ತದೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗಿದಾಗ ತಲೆ ಮೇಲೇಳುತ್ತದೆ. ಒಂದು ದಿಕ್ಕಿನಲ್ಲಿ ಮಾತ್ರ ತಲೆ ಹೀಗೆ ಆಡುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಯಾವ ದಿಕ್ಕು ಎಂದು ನೆನಪಿಟ್ಟುಕೊಂಡು ವೈದ್ಯರಿಗೆ ಹೇಳಿ.