ದೊತೊರ್ನ್ ಪುಸ್ತಕದ ಹಳೇ ಕಥೆ

ಗೋವಾದಲ್ಲಿ ಮಕ್ಕಳ ಭಾನುವಾರದ ಕ್ರೈಸ್ತ ಧರ್ಮಪಾಠಕ್ಕೆ ದೊತೊರ್ನ್ ಅಂತಾರೆ. ಅದರ ಪುಸ್ತಕದ ಕಥೆ ಶುರುವಾಗೋದು ಒಂದು ಯಂತ್ರದಿಂದ. ಭಾರತದ ಮೊದಲ ಪ್ರಿಂಟಿಂಗ್ ಪ್ರೆಸ್ ನಮಗೆ ಅಂತ ಬಂದದ್ದೇ ಅಲ್ಲ. ಇಥಿಯೋಪಿಯಾಕ್ಕೆ ಹೊರಟಿದ್ದ ಯಂತ್ರ 1556ರಲ್ಲಿ ಗೋವಾಕ್ಕೆ ಬಂದು ಇಲ್ಲೇ ಉಳಿಯಿತು. ಮರುವರ್ಷವೇ ಅದರಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಎಂಬ ಪಾದ್ರಿ ಬರೆದ ಧರ್ಮಪಾಠದ ಪುಸ್ತಕ ಅಚ್ಚಾಯಿತು. ಅದರ ಒಂದು ಪ್ರತಿಯೂ ಈಗ ಉಳಿದಿಲ್ಲ.

ಆದರೆ ಪಾಠ ಪುಸ್ತಕಕ್ಕಿಂತ ಮೊದಲೇ ಶುರುವಾಗಿತ್ತು. 1542ರಲ್ಲಿ ಗೋವಾಕ್ಕೆ ಬಂದ ಕ್ಸೇವಿಯರ್ ಕೈಯಲ್ಲಿ ಗಂಟೆ ಹಿಡಿದು ಬೀದಿ ಬೀದಿ ಸುತ್ತುತ್ತಿದ್ದರು. ಸದ್ದಿಗೆ ಮಕ್ಕಳು ಸೇರುತ್ತಿದ್ದರು. ಪ್ರಾರ್ಥನೆ, ಹತ್ತು ಕಟ್ಟಳೆ ಎಲ್ಲವನ್ನೂ ರಾಗವಾಗಿ ಹೇಳಿಸುತ್ತಿದ್ದರು. ಮಕ್ಕಳು ಮನೆಗೆ ಹೋಗಿ ಅದನ್ನೇ ಅಪ್ಪ ಅಮ್ಮನಿಗೆ ಹೇಳಬೇಕು, ಅದು ಅವರ ಲೆಕ್ಕಾಚಾರ. ಪುಸ್ತಕ ಇದ್ದದ್ದು ಕಲಿಸುವವನ ಕೈಗೆ. ಮಗುವಿಗೆ ಬಾಯಿಪಾಠವೇ ಪುಸ್ತಕ. ಧರ್ಮಪಾಠದ ಪುಸ್ತಕಗಳ ಪ್ರಶ್ನೆ–ಉತ್ತರದ ಶೈಲಿ ಶತಮಾನಗಟ್ಟಲೆ ಬಾಳಿದ್ದು ಇದರಿಂದಲೇ ಅಂತ ನನಗನ್ನಿಸುತ್ತದೆ.

ಕೊಂಕಣಿಯಲ್ಲಿ ಅಂಥ ಪುಸ್ತಕ ಬರೆದವರು ಇಂಗ್ಲೆಂಡಿನ ಥಾಮಸ್ ಸ್ಟೀಫನ್ಸ್. 1579ರಲ್ಲಿ ಬಂದ ಈ ಯೇಸುಸಭೆಯ (ಜೆಸ್ವಿಟ್ ಸಂಘದ) ಪಾದ್ರಿ ಕೊಂಕಣಿ, ಮರಾಠಿ ಎರಡನ್ನೂ ಕಲಿತರು. ದೊಡ್ಡವರಿಗೆ 10,000ಕ್ಕೂ ಜಾಸ್ತಿ ಓವಿಗಳ (ಮರಾಠಿ ಪದ್ಯಗಳ) ಕ್ರಿಸ್ತಪುರಾಣ ಬರೆದರು. ಮಕ್ಕಳಿಗೆ ಬರೆದ ಧರ್ಮಪಾಠ ಅವರು ತೀರಿಕೊಂಡ ಮೇಲೆ, 1622ರಲ್ಲಿ, ಗೋವಾದ ರಾಚೋಲ್‌ನಲ್ಲಿ ಅಚ್ಚಾಯಿತು. ಮಕ್ಕಳಿಗೆ ಕಲಿಸಲು ಸಂವಾದದ ರೂಪದಲ್ಲಿ ಬರೆದದ್ದು ಅಂತ ಮುಖಪುಟವೇ ಹೇಳುತ್ತದೆ. ಅಚ್ಚಾದ ಮೊದಲ ಕೊಂಕಣಿ ಪುಸ್ತಕ ಇದು. ಅಂದರೆ ಒಂದು ಭಾಷೆಯ ಅಚ್ಚಿನ ಬದುಕು ಶುರುವಾದದ್ದೇ ಮಕ್ಕಳ ಪಠ್ಯದಿಂದ! ಈ ನಾಡಿನ ಲಿಪಿಯಲ್ಲೇ ಅಚ್ಚು ಹಾಕಿಸಬೇಕೆಂದು ಸ್ಟೀಫನ್ಸ್ 1608ರಲ್ಲಿ ಮೇಲಿನವರಿಗೆ ಕಾಗದ ಬರೆದಿದ್ದರು. ಅಷ್ಟೊಂದು ಅಚ್ಚುಮೊಳೆ ಎಲ್ಲಿಂದ ತರೋದು? ರೋಮನ್ ಲಿಪಿಯೇ ಗಟ್ಟಿಯಾಯಿತು.

1684ರಲ್ಲಿ ಪೋರ್ಚುಗೀಸ್ ಸರ್ಕಾರ ಉಲ್ಟಾ ಹೊಡೆಯಿತು. ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಕಲಿಯಿರಿ ಅಂತ ಆಜ್ಞೆ. ಮನೆಮಾತು ಹಾಗೆಲ್ಲ ಹೋಗುತ್ತದಾ? ಗೋವಾ ಬಿಟ್ಟು ದಕ್ಷಿಣಕ್ಕೆ ಹೋದ ಕ್ರೈಸ್ತರ ಜೊತೆ ಅದೇ ಪ್ರಾರ್ಥನೆಗಳು ಮಂಗಳೂರಿಗೂ ಹೋದವು. ಅಲ್ಲಿ ಮುಂದೆ ಕೊಂಕಣಿಗೆ ಕನ್ನಡ ಲಿಪಿ ಬಂತು.

ರೋಮ್‌ನಲ್ಲಾದ ಎರಡು ಬದಲಾವಣೆಗಳು ಇಲ್ಲಿಗೂ ಮುಟ್ಟಿದವು. 1910ರಲ್ಲಿ ಹತ್ತನೇ ಪಯಸ್ ಪೋಪರು ಸುಮಾರು 7 ವರ್ಷಕ್ಕೇ ಮೊದಲ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಕೊಡಬಹುದು ಅಂದರು. ಅಷ್ಟು ಚಿಕ್ಕ ಮಗುವಿಗೆ ಕಲಿಸಲು ಪಾಠವೂ ಸರಳವಾಗಲೇಬೇಕಿತ್ತು. 1962–65ರ ಎರಡನೇ ವ್ಯಾಟಿಕನ್ ಮಹಾಸಭೆಯ (ಕ್ಯಾಥೊಲಿಕ್ ಬಿಷಪರ ದೊಡ್ಡ ಸಭೆಯ) ನಂತರ ಬಾಯಿಪಾಠ ಹಿಂದೆ ಸರಿಯಿತು. ಬೈಬಲ್ ಕಥೆ, ಚಿತ್ರ, ಚಟುವಟಿಕೆ ಮುಂದೆ ಬಂದವು. ಒಳ್ಳೆಯದೇ. ಆದರೆ ಹಾಡಿಕೊಂಡು ಕಲಿಯುವ ಸುಖ ಕಡಿಮೆಯಾಯಿತು ಅನ್ನೋ ಹಿರಿಯರ ಮಾತನ್ನು ಸುಮ್ನೆ ತಳ್ಳಿಹಾಕೋ ಹಾಗಿಲ್ಲ.

ಗೋವಾದ ವಾಸ್ಕೋ, ಮಡಗಾಂವ್ ಕಡೆ ನೆಲೆಸಿದ ಕರ್ನಾಟಕದ ಕ್ರೈಸ್ತ ಮನೆಗಳಿಗೆ ಈ ಚರಿತ್ರೆ ದಿನದ ತಾಪತ್ರಯ.  ದೊತೊರ್ನ್ ಇಲ್ಲಿ ನಡೆಯೋದು ಇಂಗ್ಲಿಷಿನಲ್ಲಿ, ಇಲ್ಲವೇ ರೋಮನ್ ಲಿಪಿಯ ಕೊಂಕಣಿಯಲ್ಲಿ. ಮಂಗಳೂರಿನ ಅಜ್ಜಿಗೆ ಮೊಮ್ಮಗಳ ಪುಸ್ತಕದ ಕೊಂಕಣಿ ಕೇಳಿದರೆ ತಿಳಿಯುತ್ತದೆ, ಓದಲು ಬರೋದಿಲ್ಲ. ಮನೆಯಲ್ಲಿ ಬರೀ ಕನ್ನಡ ಆಡುವವರಿಗೆ ಅದೂ ಇಲ್ಲ. ಹಾಗಾಗಿ ರಜೆಗೆ ಊರಿಗೆ ಹೋದಾಗ ಕನ್ನಡದ ಪ್ರಾರ್ಥನೆ ಪುಸ್ತಕ ತಂದು, ರಾತ್ರಿ ಊಟಕ್ಕೆ ಮೊದಲು ತಾವೇ ಹೇಳಿಕೊಡುತ್ತಾರೆ.