ಮೂರು ತಿಂಗಳ ಚಿರಂಜೀವಿಗಳು

ನೂರು ಜನ ಅಜ್ಜಿಯಂದಿರನ್ನು ಕಣ್ಣ ಮುಂದೆ ತಂದುಕೊಳ್ಳಿ. ಎಲ್ಲರೂ ದಕ್ಷಿಣ ಕೊರಿಯಾದವರು. ಎಲ್ಲರಿಗೂ ಎಪ್ಪತ್ತೈದು ದಾಟಿದೆ. ಎಲ್ಲರೂ ಜಾರಿ ಬಿದ್ದು ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದುಕೊಂಡು ಆಪರೇಷನ್ ಮಾಡಿಸಿಕೊಂಡಿದ್ದಾರೆ. ಇವರಲ್ಲಿ ಅರ್ಧದಷ್ಟು ಜನರಿಗೆ ಒಂದು ಮಾತ್ರೆ ಕೊಡೋಣ, ಬರೀ ಸಕ್ಕರೆ ಮಾತ್ರೆ. ವರ್ಷ ಕಳೆದ ಮೇಲೆ ಲೆಕ್ಕ ಹಾಕಿದರೆ ಸಕ್ಕರೆ ಮಾತ್ರೆ ತಿಂದವರಲ್ಲಿ ಸಾವಿನ ಪ್ರಮಾಣ ತಿನ್ನದವರ ಅರ್ಧಕ್ಕಿಂತ ಕಡಿಮೆ ಎಂದು ತೋರಿಸಬಹುದು. ಸುಳ್ಳು ಅಂಕಿ ಬೇಕಿಲ್ಲ, ಕೂಡಿಸಿ ಕಳೆಯುವುದರಲ್ಲಿ ತಪ್ಪೂ ಮಾಡಬೇಕಿಲ್ಲ. ಇದು ಹೇಗೆ ಅಂತ ಮೊದಲ ಸಲ ಗೊತ್ತಾದ ದಿನ ನಾನು ರಾತ್ರಿ ನಿದ್ದೆ ಬಿಟ್ಟು ಹಾಳೆಯ ಮೇಲೆ ಬರೆದು ಬರೆದು ನೋಡಿದ್ದೆ.

ಕೊರಿಯಾನೇ ಯಾಕೆ ಅಂದರೆ, ಇಂಥ ಲೆಕ್ಕಕ್ಕೆ ಅದರಷ್ಟು ಒಳ್ಳೆಯ ಕಡತ ಇರುವ ದೇಶಗಳು ಬಹಳ ಕಮ್ಮಿ. 1977ರಲ್ಲಿ ಅಲ್ಲಿ ದೊಡ್ಡ ಕಂಪನಿಗಳ ನೌಕರರಿಗೆ ಮಾತ್ರ ಆರೋಗ್ಯ ವಿಮೆ ಕಡ್ಡಾಯವಾಯಿತು. ಹನ್ನೆರಡೇ ವರ್ಷದಲ್ಲಿ, 1989ಕ್ಕೆ, ಅದು ಇಡೀ ದೇಶವನ್ನು ಮುಟ್ಟಿತು. 2000ದಲ್ಲಿ ನೂರಾರು ವಿಮಾ ಸಂಘಗಳನ್ನು ಒಂದೇ ಸಂಸ್ಥೆಗೆ ಸೇರಿಸಿದರು. ಅಲ್ಲಿಂದೀಚೆಗೆ ಐದು ಕೋಟಿ ಜನರಲ್ಲಿ ಯಾರು ಯಾವ ಆಸ್ಪತ್ರೆಗೆ ಹೋದರೂ ಆಸ್ಪತ್ರೆಯವರು ದುಡ್ಡಿಗಾಗಿ ಬಿಲ್ ಕಳಿಸಲೇಬೇಕು, ಬಿಲ್ಲಿನಲ್ಲಿ ಕಾಯಿಲೆಯ ಕೋಡ್ ಇರಲೇಬೇಕು. ಎಸ್ 72.0 ಅಂದರೆ ತೊಡೆಮೂಳೆಯ ಕುತ್ತಿಗೆ, ಅಂದರೆ ಅದರ ತುದಿಯ ಗುಂಡಿನ ಕೆಳಗಿನ ಸಪೂರ ಭಾಗ, ಮುರಿದಿದೆ. ಎಸ್ 72.1 ಅಂದರೆ ಅದಕ್ಕಿಂತ ಸ್ವಲ್ಪ ಕೆಳಗೆ ಮುರಿದಿದೆ. ಆ ಕೋಡಿನ ಜೊತೆ ಒಂದು ಆಪರೇಷನ್ ಕೋಡ್ ಸಿಕ್ಕಿತು ಅಂದರೆ ಸಂಶೋಧಕರಿಗೆ ಒಬ್ಬ ರೋಗಿ ಸಿಕ್ಕಿದ ಹಾಗೆ. ಹೆಸರು ತೆಗೆದುಹಾಕಿರುತ್ತಾರೆ, ಆದರೆ ಯಾವ ದಿನ ಯಾವ ಔಷಧ ತಗೊಂಡರು, ಯಾವ ದಿನ ತೀರಿಕೊಂಡರು ಎಲ್ಲವೂ ಇರುತ್ತದೆ. 2002ರಿಂದ ಶುರುವಾಗುವ ಹತ್ತು ಲಕ್ಷ ಜನರ ಒಂದು ಮಾದರಿ ಕಡತವೇ ಇದೆ. ಮೂಳೆ ಮುರಿತ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಕ್ಯಾನ್ಸರ್, ಹೀಗೆ ಕೊರಿಯಾದ ರೋಗಿಗಳ ಮೇಲೆ ರಾಶಿ ರಾಶಿ ಸಂಶೋಧನಾ ಲೇಖನಗಳು ಬರುವುದು ಇದರಿಂದಲೇ.

ಅದರಲ್ಲೂ ಸೊಂಟದ ಮುರಿತ ಅಲ್ಲಿ ದೊಡ್ಡ ವಿಷಯ. 2024ರ ಡಿಸೆಂಬರ್‌ನಲ್ಲಿ ಕೊರಿಯಾದ ಜನಸಂಖ್ಯೆಯಲ್ಲಿ 65 ದಾಟಿದವರ ಪಾಲು ನೂರಕ್ಕೆ ಇಪ್ಪತ್ತನ್ನು ಮೀರಿತು. ಸೊಂಟ ಮುರಿದ ಮುದುಕರಲ್ಲಿ ಆರೇಳು ಜನಕ್ಕೆ ಒಬ್ಬರು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಹೆಂಗಸರಿಗೆ ಈ ಮುರಿತ ಜಾಸ್ತಿ, ಆದರೆ ಮುರಿದ ಮೇಲೆ ಸಾಯುವುದು ಗಂಡಸರೇ ಜಾಸ್ತಿ. ಮೂಳೆ ಮುರಿದದ್ದಕ್ಕೇ ಯಾರೂ ಸಾಯುವುದಿಲ್ಲ, ಸಾಯುವುದು ಮಲಗಿದ್ದಕ್ಕೆ. ಮಲಗಿದಲ್ಲೇ ಇದ್ದರೆ ನ್ಯುಮೋನಿಯಾ ಬರುತ್ತದೆ, ಬೆನ್ನು ಹುಣ್ಣಾಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುತ್ತದೆ. ಲಂಡನ್ನಿನ ಸರ್ಜನ್ ಆಸ್ಟ್ಲಿ ಕೂಪರ್ ಇನ್ನೂರು ವರ್ಷದ ಹಿಂದೆಯೇ ಇದನ್ನು ಕಂಡಿದ್ದರು. ತೊಡೆಮೂಳೆಯ ಕುತ್ತಿಗೆಯ ಭಾಗಕ್ಕೆ ರಕ್ತ ಸಾಲದೆ ಮುರಿದ ಮೂಳೆ ಕೂಡಿಕೊಳ್ಳುವುದಿಲ್ಲ, ಹಾಗಾಗಿ ಮೂಳೆಯ ಆಸೆ ಬಿಟ್ಟು ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಿ ಎಂದರು. ಬಾಸ್ಟನ್ನಿನಲ್ಲಿ ಸ್ಮಿತ್-ಪೀಟರ್ಸನ್ 1925ರಲ್ಲಿ ಮೂರು ಅಲಗಿನ ಮೊಳೆ ಹೊಡೆದು ಮೂಳೆ ಕೂಡಿಸುವ ತನಕ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಇವತ್ತು ರಾಡ್ ಹಾಕುತ್ತಾರೆ ಅಥವಾ ಅರ್ಧ ಕೀಲನ್ನೇ ಬದಲಾಯಿಸುತ್ತಾರೆ, ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಆಪರೇಷನ್ ಮಾಡುವುದೇ ಎಬ್ಬಿಸಿ ನಿಲ್ಲಿಸುವುದಕ್ಕೆ.

ಈಗ ನಮ್ಮ ಸಕ್ಕರೆ ಮಾತ್ರೆಗೆ ಬರೋಣ. ಅದನ್ನು ಮೂಳೆಯ ಔಷಧ ಅಂತ ಕೊಟ್ಟೆವು ಅಂದುಕೊಳ್ಳಿ. ಮೂಳೆ ಟೊಳ್ಳಾಗುವುದಕ್ಕೆ (ಆಸ್ಟಿಯೊಪೊರೋಸಿಸ್) ಕೊಡುವ ಔಷಧವನ್ನು ಎಷ್ಟೋ ಜನಕ್ಕೆ ಆಪರೇಷನ್ ದಿನವೇ ಕೊಡುವುದಿಲ್ಲ. ಗಾಯ ಒಣಗಬೇಕು, ಮೂಳೆಯ ಸಾಂದ್ರತೆ ನೋಡುವ ಟೆಸ್ಟ್ ಆಗಬೇಕು, ರೋಗಿ ಮತ್ತೆ ಡಾಕ್ಟರ ಹತ್ತಿರ ಬರಬೇಕು. ನಮ್ಮ ಲೆಕ್ಕದಲ್ಲಿ ಮೂರು ತಿಂಗಳು ಹಿಡಿಯಿತು ಅಂದುಕೊಳ್ಳಿ. ಆ ಮೂರು ತಿಂಗಳಲ್ಲಿ ನೂರರಲ್ಲಿ ಎಂಟು ಜನ ತೀರಿಕೊಂಡರು. ಉಳಿದವರು 92. ಅವರಲ್ಲಿ 46 ಜನ ಮಾತ್ರೆ ತಗೊಂಡರು, 46 ಜನ ತಗೊಳ್ಳಲಿಲ್ಲ. ಸಕ್ಕರೆ ತಾನೇ, ಅದು ಏನೂ ಮಾಡುವುದಿಲ್ಲ, ಹಾಗಾಗಿ ಮುಂದಿನ ಒಂಬತ್ತು ತಿಂಗಳಲ್ಲಿ ಎರಡೂ ಕಡೆ ನಾಲ್ಕು ನಾಲ್ಕು ಜನ ಹೋದರು.

ವರ್ಷದ ಕೊನೆಗೆ ಕಡತ ತೆಗೆದ ಸಂಶೋಧಕ ಕೇಳುವ ಪ್ರಶ್ನೆ ಒಂದೇ, ಯಾರು ಮಾತ್ರೆ ತಗೊಂಡರು, ಯಾರು ತಗೊಳ್ಳಲಿಲ್ಲ? ತಗೊಂಡವರು 46, ಸತ್ತವರು 4. ನೂರಕ್ಕೆ ಒಂಬತ್ತೂ ಆಗಲಿಲ್ಲ. ತಗೊಳ್ಳದವರು? ಆ 46 ಜನರ ಜೊತೆ ಮೊದಲೇ ತೀರಿಕೊಂಡ ಎಂಟು ಜನರೂ ಸೇರುತ್ತಾರೆ, ಅವರೂ ಮಾತ್ರೆ ತಗೊಳ್ಳದವರೇ ಅಲ್ವಾ. ಒಟ್ಟು 54. ಸತ್ತವರು 12. ನೂರಕ್ಕೆ ಇಪ್ಪತ್ತೆರಡು! ಸಕ್ಕರೆ ಗೆದ್ದಿತು.

ಎಂಟು ಜನರಿಗೆ ಮಾತ್ರೆ ಬೇಡವೆನ್ನುವ ಅವಕಾಶವೂ ಸಿಗಲಿಲ್ಲ, ಬೇಕೆನ್ನುವ ಅವಕಾಶವೂ ಸಿಗಲಿಲ್ಲ. ಮಾತ್ರೆ ತಗೊಂಡ 46 ಜನರು ಆ ಮೂರು ತಿಂಗಳು ಸಾಯುವ ಹಾಗೇ ಇರಲಿಲ್ಲ. ಸತ್ತಿದ್ದರೆ ಅವರು ಆ ಗುಂಪಿಗೆ ಬರುತ್ತಲೇ ಇರಲಿಲ್ಲ. ಅಷ್ಟು ದಿನ ಅವರು ಚಿರಂಜೀವಿಗಳು. ಸಂಶೋಧಕರು ಇದನ್ನು ಇಮ್ಮಾರ್ಟಲ್ ಟೈಮ್ ಬಯಾಸ್ ಎನ್ನುತ್ತಾರೆ. ನನಗೆ ಚಿರಂಜೀವಿ ಕಾಲ ಅನ್ನುವುದೇ ಇಷ್ಟ.

ಇದು ಹಳೆಯ ಬಲೆ. 1843ರಲ್ಲೇ ಇಂಗ್ಲೆಂಡಿನ ಅಂಕಿಅಂಶ ತಜ್ಞ ವಿಲಿಯಂ ಫಾರ್ ಎಚ್ಚರಿಸಿದ್ದರು. ಬಿಷಪ್‌ಗಳು, ಸೇನೆಯ ಜನರಲ್‌ಗಳು ಸಣ್ಣ ಪಾದ್ರಿಗಳಿಗಿಂತ, ಎಳೆಯ ಸೇನಾಧಿಕಾರಿಗಳಿಗಿಂತ ಹೆಚ್ಚು ವಯಸ್ಸಿಗೆ ಸಾಯುತ್ತಾರೆ, ಹಾಗಂತ ಬಿಷಪ್ ಪದವಿ ಆಯಸ್ಸು ಕೊಡುತ್ತದೆಯೇ? ಇಪ್ಪತ್ತೈದಕ್ಕೆ ಸತ್ತವನು ಬಿಷಪ್ ಆಗಿರಲಿಕ್ಕೇ ಸಾಧ್ಯವಿಲ್ಲ. 1967ರಲ್ಲಿ ಹೃದಯ ಕಸಿ ಶುರುವಾದ ಮೇಲೂ ಇದೇ ಆಯಿತು. ಕಸಿ ಆದವರು ಆಗದವರಿಗಿಂತ ಜಾಸ್ತಿ ಬದುಕಿದರು ಎಂಬ ಲೆಕ್ಕಗಳು ಬಂದವು. 1972ರಲ್ಲಿ ಅಂಕಿಅಂಶ ತಜ್ಞ ಮಿಚೆಲ್ ಗೇಲ್, ಹೃದಯಕ್ಕಾಗಿ ಕಾಯುತ್ತಾ ಸತ್ತವರೆಲ್ಲ ಕಸಿ ಆಗದವರ ಗುಂಪಿಗೇ ಬಿದ್ದಿದ್ದಾರೆ, ನೋಡಿ ಎಂದರು.

ಕೊರಿಯಾದಿಂದಲೇ ಒಂದು ಉದಾಹರಣೆ ಇದೆ. 2012ರಲ್ಲಿ ಅಲ್ಲಿನ ವಿಜ್ಞಾನಿಗಳು ಜೋಸನ್ ರಾಜಮನೆತನದ ಕಾಲದ ಖೋಜಾಗಳ ವಂಶಾವಳಿಯನ್ನು ಬಿಡಿಸಿ ನೋಡಿದರು. ವೃಷಣ ಕಳೆದುಕೊಂಡು ಅರಮನೆ ಸೇವೆಗೆ ಸೇರಿದ ಈ ಗಂಡಸರು ಮದುವೆಯಾಗಬಹುದಿತ್ತು, ತಮ್ಮಂಥದೇ ಹುಡುಗರನ್ನು ದತ್ತು ತಗೊಳ್ಳಬಹುದಿತ್ತು, ಹಾಗಾಗಿ ಅವರಿಗೂ ವಂಶಾವಳಿ ಇತ್ತು. ಆಯಸ್ಸು ಗೊತ್ತಾದ 81 ಜನರ ಸರಾಸರಿ 70 ವರ್ಷ. ಅದೇ ಅಂತಸ್ತಿನ ಬೇರೆ ಗಂಡಸರಿಗಿಂತ ಹದಿನಾಲ್ಕರಿಂದ ಹತ್ತೊಂಬತ್ತು ವರ್ಷ ಜಾಸ್ತಿ. ಮೂವರು ನೂರು ಮುಟ್ಟಿದ್ದರು. ಗಂಡಸಿನ ಹಾರ್ಮೋನು ಆಯಸ್ಸು ತಿನ್ನುತ್ತದೆ ಎಂದು ಪತ್ರಿಕೆಗಳೆಲ್ಲ ಬರೆದವು. ಹಾರ್ಮೋನಿನ ಪಾಲು ಇರಬಹುದು, ನಾನು ಇಲ್ಲ ಎನ್ನುವುದಿಲ್ಲ. ಆದರೆ ಆ ಪುಸ್ತಕದಲ್ಲಿ ಹೆಸರು ಬರಬೇಕಾದರೆ ಹುಡುಗ ಮೊದಲು ಆ ಕೊಯ್ತದಿಂದ ಬದುಕಿ ಬರಬೇಕು, ಬೆಳೆದು ದೊಡ್ಡವನಾಗಬೇಕು. ಹೋಲಿಸುವ ಗಂಡಸರನ್ನೂ ಅದೇ ವಯಸ್ಸಿನಿಂದ ಎಣಿಸದೆ ಹೋದರೆ ಹಾರ್ಮೋನಿಗೆ ಎಷ್ಟು ಪಾಲು, ಚಿರಂಜೀವಿ ಕಾಲಕ್ಕೆ ಎಷ್ಟು ಪಾಲು ಅಂತ ಯಾರು ಹೇಳುತ್ತಾರೆ?

ನಮ್ಮಲ್ಲಿ ಎಪ್ಪತ್ತಕ್ಕೆ ಭೀಮರಥ ಶಾಂತಿ ಮಾಡಿಸುತ್ತಾರೆ. ‘ಶಾಂತಿ ಮಾಡಿಸಿಕೊಂಡವರೆಲ್ಲ ಎಂಬತ್ತು ದಾಟಿದ್ದಾರೆ ನೋಡಿ, ಮಾಡಿಸದ ನಿಮ್ಮ ತಾತ ಅರವತ್ತಮೂರಕ್ಕೇ ಹೋದರು’ ಎಂದು ನನಗೊಬ್ಬ ಹಿರಿಯರು ತುಂಬ ನಂಬಿಕೆಯಿಂದ ಹೇಳಿದ್ದರು. ಅರವತ್ತಮೂರಕ್ಕೆ ಹೋದವರು ಎಪ್ಪತ್ತರ ಶಾಂತಿ ಮಾಡಿಸುವುದು ಹೇಗೆ? ಮನೆಯವರ ಖುಷಿಗೆ ಪೂಜೆ ಮಾಡಿಸಿ, ನನ್ನದೇನೂ ತಕರಾರಿಲ್ಲ. ಆದರೆ ಅದೇ ಲೆಕ್ಕ ನಂಬಿ ಬಿಪಿ ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ, ಆಗ ಹೊಟ್ಟೆ ಉರಿಯುತ್ತದೆ.

ಲೆಕ್ಕ ಸರಿ ಮಾಡುವುದು ಹೇಗೆ? ಬಾಡಿಗೆ ಮನೆಯ ಕರೆಂಟ್ ಬಿಲ್ ನೆನಪಿಸಿಕೊಳ್ಳಿ. ಮಾರ್ಚ್ ತನಕ ಹಳೇ ಬಾಡಿಗೆದಾರ ಇದ್ದ, ಏಪ್ರಿಲ್‌ನಿಂದ ಹೊಸಬ ಬಂದ. ಇಡೀ ವರ್ಷದ ಬಿಲ್ಲನ್ನು ಹೊಸಬನ ತಲೆಗೆ ಕಟ್ಟುವ ಹಾಗಿಲ್ಲ. ಹಾಗೇ ಪ್ರತಿ ಅಜ್ಜಿಯ ಮೊದಲ ಮೂರು ತಿಂಗಳನ್ನು ‘ಮಾತ್ರೆ ಇಲ್ಲ’ ಎಂಬ ಖಾತೆಗೆ ಬರೆಯಬೇಕು, ಮಾತ್ರೆ ನುಂಗಿದ ದಿನದಿಂದ ಖಾತೆ ಬದಲಾಯಿಸಬೇಕು. ಅಷ್ಟೇ ಸಾಲದು. ಆಪರೇಷನ್ ಆದ ಮೊದಲ ತಿಂಗಳುಗಳೇ ಎಲ್ಲಕ್ಕಿಂತ ಅಪಾಯದವು, ಆದ್ದರಿಂದ ನೂರನೇ ದಿನದಲ್ಲಿರುವವರನ್ನು ನೂರನೇ ದಿನದಲ್ಲಿರುವವರ ಜೊತೆಗೇ ಹೋಲಿಸಬೇಕು, ಹತ್ತನೇ ದಿನದವರ ಜೊತೆ ಅಲ್ಲ. ಓಟದ ಪಂದ್ಯದಲ್ಲಿ ಒಬ್ಬನಿಗೆ ಮೊದಲನೇ ಸುತ್ತಿನಿಂದ, ಇನ್ನೊಬ್ಬನಿಗೆ ಮೂರನೇ ಸುತ್ತಿನಿಂದ ಗಡಿಯಾರ ಒತ್ತಿದರೆ ಯಾರು ಜೋರು ಅಂತ ಹೇಳಲಾಗುತ್ತದೆಯೇ? ಇನ್ನೂ ಸುಲಭದ ದಾರಿ, ಮೂರು ತಿಂಗಳಿಗೆ ಒಂದು ಗೆರೆ ಎಳೆದು ಆ ದಿನ ಬದುಕಿರುವ 92 ಜನರನ್ನು ಮಾತ್ರ ಎಣಿಸುವುದು. ಆಗ 46ಕ್ಕೆ 4, 46ಕ್ಕೆ 4. ಸಕ್ಕರೆ ಮತ್ತೆ ಸಕ್ಕರೆಯಾಯಿತು. ಕೊರಿಯಾದ ಕಡತದಿಂದ ಬಂದ ಲೇಖನ ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ, ಗಡಿಯಾರ ಯಾವ ದಿನದಿಂದ ಶುರು ಮಾಡಿದರು ಅಂತ.

ಹಾಗಂತ ಮೂಳೆ ಔಷಧವೇ ದಂಡ ಎಂದು ತಿಳಿಯಬೇಡಿ. 2007ರಲ್ಲಿ ಬಂದ ಒಂದು ಪ್ರಯೋಗದಲ್ಲಿ ಸೊಂಟದ ಆಪರೇಷನ್ ಆದ 2127 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವರ್ಷಕ್ಕೊಮ್ಮೆ ಜೋಲೆಡ್ರೋನಿಕ್ ಆಸಿಡ್ ಡ್ರಿಪ್ ಕೊಟ್ಟರು, ಇನ್ನೊಂದಕ್ಕೆ ಔಷಧವಿಲ್ಲದ ಡ್ರಿಪ್. ಇಬ್ಬರ ಗಡಿಯಾರವೂ ಒಂದೇ ಹಂತದಿಂದ ಓಡಿತು. ಹೊಸ ಮುರಿತ ಔಷಧ ಸಿಕ್ಕವರಲ್ಲಿ ನೂರಕ್ಕೆ 8.6, ಸಿಗದವರಲ್ಲಿ 13.9. ಸಾವು 9.6 ಮತ್ತು 13.3. ಸಾವಿನ ವಿಷಯ 38 ಪ್ರಯೋಗಗಳನ್ನು ಕೂಡಿಸಿದ 2019ರ ಲೆಕ್ಕದಲ್ಲಿ ನಿಲ್ಲಲಿಲ್ಲ. ಮುರಿತ ತಪ್ಪಿಸುವ ವಿಷಯ ಗಟ್ಟಿಯಾಗಿದೆ. ನನ್ನ ಮಟ್ಟಿಗೆ ಅಷ್ಟು ಸಾಕು, ಇನ್ನೊಂದು ಸೊಂಟ ಮುರಿಯದಿದ್ದರೆ ಅದೇನು ಸಣ್ಣ ಲಾಭವಾ? ಆದರೆ ತುಂಬಾ ವರ್ಷ ಬಿಡದೆ ತಗೊಂಡರೆ ಅಪರೂಪಕ್ಕೆ ತೊಡೆಮೂಳೆಯ ನಡುಭಾಗವೇ ಸೀಳುವುದುಂಟು. ಬಿಳಿಯರಿಗಿಂತ ಏಷ್ಯಾ ಮೂಲದ ಹೆಂಗಸರಲ್ಲಿ ಇದು ಜಾಸ್ತಿ ಎಂದು 2020ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ತೋರಿಸಿತು. ಎಷ್ಟು ವರ್ಷ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಡಾಕ್ಟರ್ ಎಣಿಸಿ ಹೇಳಬೇಕು.

ಆಪರೇಷನ್ ವಿಷಯಕ್ಕೂ ಇದೇ ಬಲೆ ಹಾಸಿಕೊಂಡಿದೆ. ಆಪರೇಷನ್ ಆಗದವರಲ್ಲಿ ಸಾವು ಬಹಳ ಜಾಸ್ತಿ ಎಂದು ಕಡತ ಹೇಳುತ್ತದೆ, ಆದರೆ ಆಪರೇಷನ್‌ಗೆ ಕಾಯುತ್ತಾ ತೀರಿಕೊಂಡವರೂ ಅದೇ ಗುಂಪಿನಲ್ಲಿದ್ದಾರೆ. ತಡವಾಗಿ ಆಪರೇಷನ್ ಆದವರು ಜಾಸ್ತಿ ಸಾಯುತ್ತಾರೆ, ಆದರೆ ಹೃದಯ ಸರಿಯಿಲ್ಲ, ರಕ್ತ ತೆಳು ಮಾಡುವ ಮಾತ್ರೆ ನಡೀತಾ ಇದೆ ಅಂತಲೇ ಎಷ್ಟೋ ಜನಕ್ಕೆ ತಡವಾಗಿರುತ್ತದೆ. ಬಿಲ್ಲಿನಲ್ಲಿ ಸೇರಿದ ದಿನ ಇರುತ್ತದೆ, ಆಪರೇಷನ್ ದಿನ ಇರುತ್ತದೆ, ಯಾಕೆ ತಡ ಎಂಬುದು ಇರುವುದಿಲ್ಲ. 2020ರಲ್ಲಿ 17 ದೇಶಗಳ 2970 ರೋಗಿಗಳಲ್ಲಿ ಇದನ್ನೂ ಚೀಟಿ ಎತ್ತಿ ನೋಡಿದರು, ಒಂದು ಗುಂಪಿಗೆ ಆರು ಗಂಟೆಯ ಆಸುಪಾಸಿನಲ್ಲಿ, ಇನ್ನೊಂದಕ್ಕೆ ಒಂದು ದಿನದಲ್ಲಿ. ತೊಂಬತ್ತು ದಿನದ ಸಾವು ನೂರಕ್ಕೆ 9 ಮತ್ತು 10, ವ್ಯತ್ಯಾಸ ಇಲ್ಲ ಅಂತಲೇ ಹೇಳಬೇಕು. ಬೇಗ ಆಪರೇಷನ್ ಆದವರಲ್ಲಿ ಬುದ್ಧಿ ಭ್ರಮಣೆ ಕಮ್ಮಿ, ನೋವು ಕಮ್ಮಿ, ಎದ್ದು ನಿಂತದ್ದು ಬೇಗ. ಆದರೆ ಅಲ್ಲಿ ತಡವಾದ ಗುಂಪೂ ಕಾದದ್ದು ಒಂದೇ ದಿನ, ವಾರಗಟ್ಟಲೆ ಅಲ್ಲ. ಸೊಂಟ ಮುರಿದ ಅಜ್ಜಿಯನ್ನು ಕಟ್ಟು ಕಟ್ಟಿಸಲು ಊರೂರು ಸುತ್ತಿಸುವವರು ‘ಅಲ್ಲಿ ಹೋದವರು ಎದ್ದು ಓಡಾಡಿದ್ದಾರೆ’ ಎನ್ನುತ್ತಾರೆ. ಮಲಗಿದಲ್ಲೇ ಹೋದವರು ಬಂದು ಸಾಕ್ಷಿ ಹೇಳುವುದಿಲ್ಲವಲ್ಲ.

ಗಡಿಯಾರ ಎಲ್ಲಿಂದ ಶುರು ಎಂಬ ಪ್ರಶ್ನೆ ಕೊರಿಯಾದಲ್ಲಿ ಇನ್ನೊಂದು ಕಾಯಿಲೆಯಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಕಂಡಿತು. 1999ರಲ್ಲಿ ಸರ್ಕಾರ ಕ್ಯಾನ್ಸರ್ ತಪಾಸಣೆ ಶುರು ಮಾಡಿತು. ಥೈರಾಯ್ಡ್ ಅದರಲ್ಲಿ ಇರಲಿಲ್ಲ, ಆದರೆ ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟರೆ ಆಸ್ಪತ್ರೆಗಳು ಕುತ್ತಿಗೆಗೂ ಅಲ್ಟ್ರಾಸೌಂಡ್ ಮಾಡಿಬಿಡುತ್ತಿದ್ದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕಿಂತ ಹದಿನೈದು ಪಟ್ಟಾಯಿತು. ಒಂದೇ ವರ್ಷ 40,000ಕ್ಕೂ ಹೆಚ್ಚು ಜನ. ಅದರಿಂದ ಸಾಯುವವರು ಮಾತ್ರ ಮೊದಲಿನಷ್ಟೇ, ವರ್ಷಕ್ಕೆ ಮುನ್ನೂರು ನಾನೂರು. ಜೀವಮಾನದಲ್ಲಿ ಯಾವ ತೊಂದರೆಯನ್ನೂ ಕೊಡದ ಸಣ್ಣ ಗಂಟುಗಳಿಗೆಲ್ಲ ಕ್ಯಾನ್ಸರ್ ಎಂಬ ಹೆಸರು ಬಿತ್ತು, ಗಡಿಯಾರ ವರ್ಷಗಟ್ಟಲೆ ಮೊದಲೇ ಓಡತೊಡಗಿತು. ಐದು ವರ್ಷ ಬದುಕುಳಿಯುವವರ ಲೆಕ್ಕವನ್ನು ಸಾಮಾನ್ಯ ಜನರ ಜೊತೆ ಹೋಲಿಸಿ ಹೇಳುತ್ತಾರೆ, ಅದು ಅಲ್ಲಿ ನೂರಕ್ಕೆ ನೂರನ್ನೂ ಸ್ವಲ್ಪ ದಾಟಿತು. ಕ್ಯಾನ್ಸರ್ ಬಂದವರು ಬಾರದವರಿಗಿಂತ ಚೆನ್ನಾಗಿ ಬದುಕುತ್ತಾರೆ ಎಂದ ಹಾಗಾಯಿತು! 2014ರಲ್ಲಿ ಅಲ್ಲಿನ ಕೆಲವು ವೈದ್ಯರೇ ಮುಂದೆ ಬಂದು ಈ ತಪಾಸಣೆ ನಿಲ್ಲಿಸಿ ಎಂದರು, ಟಿವಿಯಲ್ಲಿ ಚರ್ಚೆಯಾಯಿತು, ಒಂದೇ ವರ್ಷದಲ್ಲಿ ಥೈರಾಯ್ಡ್ ಆಪರೇಷನ್‌ಗಳು ಸುಮಾರು ಮೂರನೇ ಒಂದು ಭಾಗ ಇಳಿದವು. ಅಷ್ಟರಲ್ಲಿ ಸಾವಿರಾರು ಜನರ ಕುತ್ತಿಗೆ ಕೊಯ್ದಾಗಿತ್ತು. ವಿಮೆಯ ಕಡತದಲ್ಲೇ ಹುಡುಕಿದಾಗ, ಆಪರೇಷನ್ ಆದ ನೂರರಲ್ಲಿ ಹನ್ನೊಂದು ಜನರಿಗೆ ಥೈರಾಯ್ಡ್ ಪಕ್ಕದ ಪುಟ್ಟ ಗ್ರಂಥಿಗಳು ಕೆಟ್ಟು ಕ್ಯಾಲ್ಸಿಯಂ ಏರುಪೇರಾಗಿತ್ತು, ಇಬ್ಬರಿಗೆ ಸ್ವರ ತಂತುವಿಗೆ ಪೆಟ್ಟಾಗಿತ್ತು. ಅವರಲ್ಲಿ ಕೆಲವರು ಬದುಕಿರುವ ತನಕ ಕ್ಯಾಲ್ಸಿಯಂ ಮಾತ್ರೆ ನುಂಗಬೇಕು, ಆ ಮಾತ್ರೆಯ ಬಿಲ್ಲೂ ಅದೇ ಕಡತಕ್ಕೆ ಹೋಗಿ ಸೇರುತ್ತದೆ.