ಪ್ರೀಆಂಪ್ ಬಫರ್‌ಗೆ ಜೆಫೆಟ್ ಜೋಡಿ ಹುಡುಕುವ ಬಗೆ

ವಾಲ್ಯೂಮ್ ತಗ್ಗಿಸಿದಾಗ ಹಾಡು ಮಂಕಾದರೆ ಬಹಳ ಜನ ಆಂಪ್ಲಿಫೈಯರನ್ನು ದೂರುತ್ತಾರೆ, ಇಲ್ಲವೇ ದುಬಾರಿ ಕೇಬಲ್ ಕೊಳ್ಳುತ್ತಾರೆ. ಒಂದು ಸಣ್ಣ ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. 100 ಕಿಲೋ ಓಮ್ ಪಾಟ್ (ವಾಲ್ಯೂಮ್ ಗುಂಡಿಯ ಹಿಂದಿರುವ ಪೊಟೆನ್ಶಿಯೋಮೀಟರ್) ಸಿಗ್ನಲ್ಲನ್ನು ಅರ್ಧಕ್ಕೆ ಇಳಿಸುವ ಜಾಗದಲ್ಲಿ ಅದರ ಔಟ್‌ಪುಟ್ ರೆಸಿಸ್ಟೆನ್ಸ್ 25 ಕಿಲೋ ಓಮ್. ಮೀಟರಿಗೆ 100 ಪಿಕೋಫ್ಯಾರಡ್ ಇರುವ ಕೇಬಲ್ 5 ಮೀಟರ್ ಹಾಕಿದರೆ 500 ಪಿಕೋಫ್ಯಾರಡ್. ಇವೆರಡೂ ಸೇರಿದರೆ 12.7 ಕಿಲೋಹರ್ಟ್ಸ್‌ನಲ್ಲೇ ಧ್ವನಿ 3 ಡೆಸಿಬೆಲ್ ಕುಸಿದಿರುತ್ತದೆ. ತಾಳದ ಝಣತ್ಕಾರ ಹೋಗುವುದು ಅಲ್ಲಿ. ಪಾಟ್ 50 ಕಿಲೋ ಓಮ್, ಆಂಪ್ಲಿಫೈಯರ್‌ನ ಇನ್‌ಪುಟ್ 10 ಕಿಲೋ ಓಮ್ ಆಗಿದ್ದರೆ ಅದೇ ಜಾಗದಲ್ಲಿ ಇನ್ನೂ 7 ಡೆಸಿಬೆಲ್ ನಷ್ಟ.

ಬಫರ್ ಎಂಬ ಸಣ್ಣ ಸರ್ಕ್ಯೂಟ್ ಪಾಟ್ ಮತ್ತು ಕೇಬಲ್ ನಡುವೆ ನಿಲ್ಲುತ್ತದೆ. ವೋಲ್ಟೇಜನ್ನು ಹೆಚ್ಚಿಸುವುದಿಲ್ಲ. ಪಾಟ್‌ನಿಂದ ಕರೆಂಟ್ ಎಳೆಯದೆ, ಕೇಬಲ್‌ಗೆ ಬೇಕಾದ ಕರೆಂಟನ್ನು ತಾನೇ ಕೊಡುತ್ತದೆ. ಬಿಸಿ550ರಂಥ ಸಾಮಾನ್ಯ ಟ್ರಾನ್ಸಿಸ್ಟರಿನಲ್ಲೂ ಇದನ್ನು ಕಟ್ಟಬಹುದು. ಆದರೆ 1 ಮಿಲಿಆಂಪಿಯರ್ ಹರಿಸಿ, ಗೇನ್ 500 ಎಂದಿಟ್ಟುಕೊಂಡರೂ ಬೇಸ್‌ಗೆ 2 ಮೈಕ್ರೋಆಂಪಿಯರ್ ಬೇಕು. 1 ಮೆಗಾ ಓಮ್ ರೆಸಿಸ್ಟರ್ ಮೂಲಕ ಅದು ಬಂದರೆ 2 ವೋಲ್ಟ್ ಅಲ್ಲೇ ಹೋಯಿತು. ನೇರವಾಗಿ ಪಾಟ್‌ನಿಂದ ಬಂದರೆ ಗುಂಡಿ ತಿರುಗಿಸಿದಾಗಲೆಲ್ಲ ಕರಕರ ಸದ್ದು. ಜೆಫೆಟ್ (ಜಂಕ್ಷನ್ ಫೀಲ್ಡ್-ಎಫೆಕ್ಟ್ ಟ್ರಾನ್ಸಿಸ್ಟರ್) ಬೇರೆ ಬಗೆಯದು: ಕರೆಂಟ್ ಡ್ರೈನ್ ಎಂಬ ಕಾಲಿನಿಂದ ಸೋರ್ಸ್ ಎಂಬ ಕಾಲಿಗೆ ಹರಿಯುತ್ತದೆ, ಅದನ್ನು ಆಳುವ ಮೂರನೆಯ ಕಾಲು ಗೇಟ್. ಆ ಗೇಟ್ ಒಂದು ನ್ಯಾನೋಆಂಪಿಯರ್ ಕೂಡ ಕೇಳುವುದಿಲ್ಲ.

ಕರೆಂಟ್ ತೆಗೆದುಕೊಳ್ಳದೆ ಕರೆಂಟನ್ನು ಆಳುವ ಈ ಕಲ್ಪನೆ ನಾವು ಟ್ರಾನ್ಸಿಸ್ಟರ್ ಹುಟ್ಟಿದ ವರ್ಷವೆಂದು ಓದುವ 1947ಕ್ಕಿಂತ ಹಳೆಯದು. ಜೂಲಿಯಸ್ ಲಿಲಿಯೆನ್‌ಫೆಲ್ಡ್ 1925ರಲ್ಲೇ ಕೆನಡಾದಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದ. ಅದನ್ನು ಮಾಡಿ ತೋರಿಸುವಷ್ಟು ಶುದ್ಧ ಅರೆವಾಹಕ ಆಗ ಯಾರ ಬಳಿಯೂ ಇರಲಿಲ್ಲ. 1952ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲಿಯಂ ಶಾಕ್ಲಿ ಜೆಫೆಟ್‌ನ ಸಿದ್ಧಾಂತ ಬರೆದ. ಮರುವರ್ಷ ಬೆಲ್ ಲ್ಯಾಬ್ಸ್‌ನಲ್ಲೇ ಡೇಸಿ ಮತ್ತು ರಾಸ್ ಅದನ್ನು ಮಾಡಿ ತೋರಿಸಿದರು.

ಮನೆಯಲ್ಲಿ ಬಫರ್ ಕಟ್ಟುವವರು ಹೆಚ್ಚಾಗಿ ಹಿಡಿಯುವ ದಾರಿ ಅಮೆರಿಕದ ಆಂಪ್ಲಿಫೈಯರ್ ವಿನ್ಯಾಸಕ ನೆಲ್ಸನ್ ಪಾಸ್ 2008ರಲ್ಲಿ ಪ್ರಕಟಿಸಿದ ಬಿ1 ವಿನ್ಯಾಸದ್ದು. ಒಂದು ಚಾನೆಲ್‌ಗೆ ಒಂದರ ಮೇಲೊಂದರಂತೆ ಎರಡು ಜೆಫೆಟ್. ಕೆಳಗಿನದರ ಗೇಟನ್ನು ಅದರ ಸೋರ್ಸ್‌ಗೇ ಕಟ್ಟಿರುತ್ತದೆ. ಆಗ ಅದು ತನ್ನ ಸಹಜ ಗರಿಷ್ಠ ಕರೆಂಟನ್ನು, ಅಂದರೆ ಐಡಿಎಸ್‌ಎಸ್ ಅನ್ನು ಮಾತ್ರ ಹರಿಯಬಿಡುತ್ತದೆ. ಅದೇ ಕರೆಂಟ್ ಮೇಲಿನದರಲ್ಲೂ ಹರಿಯಲೇಬೇಕು, ಬೇರೆ ದಾರಿಯಿಲ್ಲ. ಎರಡರ ಐಡಿಎಸ್‌ಎಸ್ ಒಂದೇ ಆಗಿದ್ದರೆ ಮೇಲಿನದರ ಗೇಟಿಗೂ ಸೋರ್ಸಿಗೂ ನಡುವೆ ವೋಲ್ಟೇಜ್ ಸೊನ್ನೆ. ಗೇಟ್ ಏರಿದಷ್ಟೇ ಸೋರ್ಸ್ ಏರುತ್ತದೆ, ಇಳಿದಷ್ಟೇ ಇಳಿಯುತ್ತದೆ. ಇದು ಒಂದು ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ: ಒಂದು ಹೆಚ್ಚು ಎಳೆದರೆ ನೊಗ ವಾಲುತ್ತದೆ, ಆ ವಾಲುವಿಕೆಯೇ ಆಫ್‌ಸೆಟ್ ವೋಲ್ಟೇಜ್.

ಎಷ್ಟು ವಾಲುತ್ತದೆ ಎಂಬುದು ಟ್ರಾನ್ಸ್‌ಕಂಡಕ್ಟೆನ್ಸ್ ಮೇಲಿದೆ, ಅಂದರೆ ಗೇಟ್ ವೋಲ್ಟೇಜ್ ಬದಲಾದಾಗ ಕರೆಂಟ್ ಎಷ್ಟು ಬದಲಾಗುತ್ತದೆ ಎಂಬುದರ ಮೇಲೆ. ತೋಶಿಬಾದ 2ಎಸ್‌ಕೆ170 ಎಂಬ ಜೆಫೆಟ್‌ನಲ್ಲಿ ಅದು 22 ಮಿಲಿಸೀಮೆನ್ಸ್ ಆಸುಪಾಸು. ಹಾಗಾಗಿ 1 ಮಿಲಿಆಂಪಿಯರ್ ವ್ಯತ್ಯಾಸಕ್ಕೆ 45 ಮಿಲಿವೋಲ್ಟ್ ಆಫ್‌ಸೆಟ್. ಚಿಂತೆಯಿಲ್ಲ. 2ಎನ್5457ರಂಥದ್ದರಲ್ಲಿ ಅದು 3 ಮಿಲಿಸೀಮೆನ್ಸ್ ಇದ್ದು, ಕೆಳಗಿನದು 4 ಮಿಲಿಆಂಪಿಯರ್, ಮೇಲಿನದು 2 ಆಗಿದ್ದರೆ ಗೇಟ್ 0.6 ವೋಲ್ಟ್‌ಗೂ ಮೇಲೇರಬೇಕಾಗುತ್ತದೆ. ಆಗ ಗೇಟ್ ಡಯೋಡಿನಂತೆ ಕರೆಂಟ್ ಎಳೆಯುತ್ತದೆ, ಧ್ವನಿ ಸೀಳುತ್ತದೆ. ಆದ್ದರಿಂದ ಅಸಮ ಜೋಡಿಯನ್ನೇ ಬಳಸಬೇಕಾಗಿ ಬಂದರೆ ಹೆಚ್ಚು ಐಡಿಎಸ್‌ಎಸ್ ಇರುವುದನ್ನು ಮೇಲಿಡಿ.

ಮೈಮೇಲಿನ ನಂಬರ್ ನಂಬಿ ಜೋಡಿ ಕಟ್ಟುವುದು ಸಲ್ಲದು. 2ಎಸ್‌ಕೆ170ರಲ್ಲಿ ಜಿಆರ್ ದರ್ಜೆಯ ಐಡಿಎಸ್‌ಎಸ್ 2.6ರಿಂದ 6.5, ಬಿಎಲ್ 6ರಿಂದ 12, ವಿ 10ರಿಂದ 20 ಮಿಲಿಆಂಪಿಯರ್. ಒಂದೇ ದರ್ಜೆಯೊಳಗೇ ಎರಡು ಪಟ್ಟು ಅಂತರ! ಅಳೆಯುವುದು ಸುಲಭ: 9 ವೋಲ್ಟ್ ಬ್ಯಾಟರಿಯ ಪ್ಲಸ್‌ನಿಂದ 100 ಓಮ್ ರೆಸಿಸ್ಟರ್ ಮೂಲಕ ಡ್ರೈನ್‌ಗೆ, ಗೇಟ್, ಸೋರ್ಸ್ ಎರಡೂ ಮೈನಸ್‌ಗೆ. ರೆಸಿಸ್ಟರ್ ಮೇಲೆ 0.8 ವೋಲ್ಟ್ ಬಂದರೆ 8 ಮಿಲಿಆಂಪಿಯರ್. ಬೆರಳಿನ ಬಿಸಿಗೂ ಅಂಕಿ ಜಾರುತ್ತದೆ, ಹಾಗಾಗಿ ಸಿಕ್ಕಿಸಿ ಒಂದು ನಿಮಿಷ ಬಿಟ್ಟು ಓದಿ. ಎಲ್ಲವನ್ನೂ ಒಂದೇ ಬ್ಯಾಟರಿಯಲ್ಲಿ, ಒಂದೇ ಹೊತ್ತಿನಲ್ಲಿ ಅಳೆಯಿರಿ. ಸ್ಟೀರಿಯೋಗೆ ಬೇಕಿರುವುದು ನಾಲ್ಕೇ ಆದರೂ 20 ಕೊಂಡರೆ ಶೇ. 5ರೊಳಗೆ ಹೊಂದುವ ಎರಡು ಜೋಡಿ ಸಿಗುವ ಸಂಭವ ಚೆನ್ನಾಗಿದೆ. ಎಡ, ಬಲ ಚಾನೆಲ್‌ಗಳು ಪರಸ್ಪರ ಹೊಂದಲೇಬೇಕೆಂದಿಲ್ಲ.

2ಎಸ್‌ಕೆ170ರ ತಯಾರಿಕೆ ನಿಂತ ಮೇಲೆ ಬೇರೆ ಜೆಫೆಟ್ ಮೇಲೆ ಅದೇ ಹೆಸರು ಮುದ್ರಿಸಿ ಮಾರುವುದು ನಡೆದೇ ಇದೆ. ಪತ್ತೆಗೆ ಸೋರ್ಸ್ ಮತ್ತು ಮೈನಸ್ ನಡುವೆ ಇನ್ನೊಂದು 100 ಓಮ್ ಸೇರಿಸಿ, ಗೇಟನ್ನು ಮೈನಸ್‌ನಲ್ಲೇ ಬಿಡಿ. 8 ಮಿಲಿಆಂಪಿಯರ್‌ನ ಅಸಲಿಯಲ್ಲಿ ಕರೆಂಟ್ 2-3 ಮಿಲಿಆಂಪಿಯರ್‌ಗೆ ಬೀಳುತ್ತದೆ. 5ರ ಹತ್ತಿರವೇ ನಿಂತರೆ ಅದರ ಟ್ರಾನ್ಸ್‌ಕಂಡಕ್ಟೆನ್ಸ್ ಕಡಿಮೆ, ಹೆಸರು ಸುಳ್ಳು.

ಅಸಲಿ ಸಿಗದಿದ್ದರೆ ಲೀನಿಯರ್ ಸಿಸ್ಟಮ್ಸ್‌ನ ಎಲ್‌ಎಸ್‌ಕೆ170 ಇದೆ. ಕಡಿಮೆ ದುಡ್ಡಿಗೆ ಬಿಎಫ್245ಎ ಒಳ್ಳೆಯ ಆಯ್ಕೆ. ಔಟ್‌ಪುಟ್ ರೆಸಿಸ್ಟೆನ್ಸ್ 200-300 ಓಮ್ ಆಗುತ್ತದೆ ಅಷ್ಟೆ. ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ಬಳಕೆಯಲ್ಲಿರುವ ಬಿಎಫ್‌ಡಬ್ಲ್ಯೂ10 ಬೇಡ. ಅದರ ಪಿಂಚ್-ಆಫ್ (ಕರೆಂಟನ್ನು ಪೂರ್ತಿ ನಿಲ್ಲಿಸಲು ಗೇಟಿಗೆ ಬೇಕಾದ ವೋಲ್ಟೇಜ್) 8 ವೋಲ್ಟ್‌ವರೆಗೂ ಇರಬಹುದು. 18 ವೋಲ್ಟ್ ಸಪ್ಲೈಯಲ್ಲಿ ಒಂದೊಂದಕ್ಕೆ ಸಿಗುವುದೇ 9 ವೋಲ್ಟ್‌ಗಿಂತ ಕಡಿಮೆ, ಸಿಗ್ನಲ್ ಆಡಲು ಜಾಗ ಉಳಿಯುವುದಿಲ್ಲ. ಕಾಲುಗಳ ಕ್ರಮವನ್ನೂ ನೋಡಿಕೊಳ್ಳಿ: 2ಎಸ್‌ಕೆ170ರಲ್ಲಿ ಗೇಟ್ ನಡುವೆ, ಬಿಎಫ್245 ಮತ್ತು ಜೆ113ರಲ್ಲಿ ತುದಿಯಲ್ಲಿ. ಮೀಟರಿನ ಡಯೋಡ್ ರೇಂಜ್‌ನಲ್ಲಿ ಉಳಿದೆರಡು ಕಾಲಿಗೂ 0.6-0.7 ವೋಲ್ಟ್ ತೋರಿಸುವುದೇ ಗೇಟ್.

ಕಟ್ಟುವ ಕ್ರಮ ಹೀಗೆ. ಎರಡು 9 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ, ಪ್ರತಿ ಚಾನೆಲ್‌ಗೆ ಪ್ಲಸ್ ದಾರಿಯಲ್ಲಿ ಪ್ರತ್ಯೇಕ 100 ಓಮ್, ಅದರಾಚೆ ಗ್ರೌಂಡ್‌ಗೆ (ಬ್ಯಾಟರಿಯ ಮೈನಸ್) 1000 ಮೈಕ್ರೋಫ್ಯಾರಡ್. 10 ಕಿಲೋ ಓಮ್‌ನ ಎರಡು ರೆಸಿಸ್ಟರ್‌ಗಳಿಂದ ಸಪ್ಲೈಯನ್ನು ಅರ್ಧ ಮಾಡಿ, ಆ ನಡುಬಿಂದುವಿಗೆ 100 ಮೈಕ್ರೋಫ್ಯಾರಡ್ ಹಾಕಿ, ಅಲ್ಲಿಂದ 1 ಮೆಗಾ ಓಮ್. ಪಾಟ್‌ನ ನಡುಕಾಲಿನಿಂದ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಬಂದು ಆ 1 ಮೆಗಾ ಓಮ್‌ನ ಇನ್ನೊಂದು ತುದಿಗೆ ಸೇರಲಿ. ಅಲ್ಲಿಂದ ಮೇಲಿನ ಜೆಫೆಟ್‌ನ ಗೇಟ್‌ಗೆ ತೀರಾ ಹತ್ತಿರ 1 ಕಿಲೋ ಓಮ್. ಇದನ್ನು ಬಿಟ್ಟರೆ ಬಫರ್ ಮೆಗಾಹರ್ಟ್ಸ್‌ಗಳಲ್ಲಿ ಆಸಿಲೇಟ್ ಆಗಬಹುದು: ಕೈ ಹತ್ತಿರ ತಂದರೆ ವೋಲ್ಟೇಜ್ ಅಲುಗುವುದು, ಧ್ವನಿವರ್ಧಕದಲ್ಲಿ ರೇಡಿಯೋ ಕೇಳುವುದು ಅದರ ಗುರುತು. ಮೇಲಿನ ಜೆಫೆಟ್‌ನ ಸೋರ್ಸ್‌ನಿಂದ 10 ಮೈಕ್ರೋಫ್ಯಾರಡ್, ಎಲೆಕ್ಟ್ರೋಲಿಟಿಕ್ ಆದರೆ ಪ್ಲಸ್ ಸೋರ್ಸ್ ಕಡೆಗೆ. ಆಮೇಲೆ 220 ಓಮ್, ಔಟ್‌ಪುಟ್‌ನಿಂದ ಗ್ರೌಂಡ್‌ಗೆ 100 ಕಿಲೋ ಓಮ್. ಬೆಸುಗೆಯ ಫ್ಲಕ್ಸನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಗೇಟ್ ಸುತ್ತ ಕೊಳೆ ಉಳಿದರೆ ಸೋರಿಕೆ ಬಯಾಸನ್ನು, ಅಂದರೆ ಗೇಟ್‌ನ ಸ್ಥಿರ ವೋಲ್ಟೇಜನ್ನು ಕೆಡಿಸುತ್ತದೆ. ಬಫರ್ ಮೊದಲು ಆನ್ ಆಗಲಿ, ಹತ್ತು ಸೆಕೆಂಡ್ ಬಿಟ್ಟು ಆಂಪ್ಲಿಫೈಯರ್. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ಇಲ್ಲದಿದ್ದರೆ ಔಟ್‌ಪುಟ್ ಕೆಪಾಸಿಟರ್ ಚಾರ್ಜ್ ಆಗುವಾಗಿನ ಧಡ್ ಎಂಬ ಸದ್ದು ಸ್ಪೀಕರ್ ಕೋನ್‌ಗೆ ಬಡಿಯುತ್ತದೆ.

ಆಂಪ್ಲಿಫೈಯರ್‌ಗೆ ಜೋಡಿಸುವ ಮುಂಚೆ ಮೀಟರಿನ ಒಂದು ಕಡ್ಡಿಯನ್ನು ನಡುಬಿಂದುವಿಗೆ, ಇನ್ನೊಂದನ್ನು ಮೇಲಿನ ಜೆಫೆಟ್‌ನ ಸೋರ್ಸ್‌ಗೆ ಇಡಿ. 50 ಮಿಲಿವೋಲ್ಟ್‌ನೊಳಗಿದ್ದರೆ ಜೋಡಿ ಸರಿಯಿದೆ. ಗೇಟನ್ನೇ ನೇರ ಅಳೆಯಲು ಹೋಗಬೇಡಿ: ನಡುಬಿಂದುವಿನಲ್ಲಿ 8.5 ವೋಲ್ಟ್ ಇದ್ದರೂ ಮೀಟರಿನ 10 ಮೆಗಾ ಓಮ್ ಆ 1 ಮೆಗಾ ಓಮ್ ಮೂಲಕ ಕರೆಂಟ್ ಎಳೆದು 7.7 ಎಂದು ತೋರಿಸುತ್ತದೆ, ಮತ್ತು ಚೆನ್ನಾಗಿರುವ ಜೆಫೆಟ್ ಕಿತ್ತು ಬಿಸಾಡುವಂತಾಗುತ್ತದೆ.